ಸವಳು ಹಾಕಿದ ರಾತ್ರಿ

ಹೊತ್ತು ಮುಳುಗಿ ಎರಡು ತಾಸಾದರೂ ಮಾಳಿಗೆ ಇನ್ನೂ ಬಿಸಿ. ಮೇ ತಿಂಗಳ ಬಿಸಿಲು ಮಣ್ಣಿನೊಳಗೆ ಇಳಿದು ಕೂತಿದೆ, ಚಾಪೆ ಹಾಸಿದರೂ ಬೆನ್ನಿಗೆ ತಾಗುತ್ತದೆ. ಬಾಯಲ್ಲಿ ಉಪ್ಪಿನ ರುಚಿ. ಬೆಳಿಗ್ಗೆಯಿಂದ ಹೊತ್ತ ಸವಳು ಮಣ್ಣು ಹುಬ್ಬಿಗೆ, ಕಿವಿಯ ಸಂದಿಗೆ, ಉಗುರಿನ ಒಳಗೆ ಹೊಕ್ಕು ಕೂತಿದೆ. ಎರಡು ಸಲ ಮೈ ತೊಳೆದರೂ ಹೋಗಿಲ್ಲ. ತುಟಿ ಸವರಿಕೊಂಡರೆ ಸಾಕು, ಇಡೀ ದಿನದ ಕೆಲಸ ನಾಲಿಗೆಗೆ ಬರುತ್ತದೆ.

ಆದವಾನಿಯಿಂದ ಸಿರುಗುಪ್ಪದ ದಾರಿ ಹಿಡಿದರೆ ದೊಡ್ಡಹರಿವಾಣ ಸಿಗುತ್ತದೆ. ರಸ್ತೆ ಬದಿಯ ಫಲಕ ತೆಲುಗಿನಲ್ಲಿ ‘ಪೆದ್ದಹರಿವಾಣಂ’ ಅನ್ನುತ್ತದೆ, ಬಸ್ಸಿನಲ್ಲಿ ಕೂತವರು ‘ದೊಡ್ಡಹರಿವಾಣ ಬಂತೇನು?’ ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಹೊಲದ ನಡುವೆ ಒಳಗೆ ಸರಿದರೆ ನನ್ನ ತಾಯಿಯ ತವರು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆಗೆ ಸವಳು ಹಾಕುವ ದಿನ ಬೆಂಗಳೂರಿನಿಂದ ಬಂದು ಬುಟ್ಟಿ ಹೊರುತ್ತೇನೆ. ರೈಲು ಇಳಿದ ಕೂಡಲೇ ಆದವಾನಿ ಸ್ಟೇಷನ್ನಿನ ಎದುರು ನಾಷ್ಟಾ ಮಾಡುತ್ತೇನೆ. ‘ಉಗ್ಗಾನಿ’ ಅಂದರೂ ಅದೇ ತಟ್ಟೆ ಬರುತ್ತದೆ, ‘ಒಗ್ಗರಣಿ’ ಅಂದರೂ ಅದೇ, ಮೇಲೆ ಬಿಸಿ ಮಿರ್ಚಿ. ಅದನ್ನು ತಿಂದರೆ ಊರು ಮುಟ್ಟಿದ ಹಾಗೆ.

ಸವಳು ಅಂದರೆ ಏನೂ ಬೆಳೆಯದ ನೆಲ. ಬೇಸಿಗೆಯಲ್ಲಿ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಉಪ್ಪು ಮೇಲೆದ್ದಿರುತ್ತದೆ. ಹತ್ತಿಗೂ ಜೋಳಕ್ಕೂ ಒಗ್ಗದ ಆ ಮಣ್ಣೇ ಮಣ್ಣಿನ ಮಾಳಿಗೆಗೆ ಬೇಕು. ಸೋಡಿಯಂ ತುಂಬಿದ ಮಣ್ಣಿಗೆ ನೀರು ಬಿದ್ದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಕೆಳಗಿಳಿಯಲು ದಾರಿ ಸಿಗದ ನೀರು ದೋಣಿಯ ಕಡೆ ಹರಿದು ಬೀದಿಗೆ ಬೀಳುತ್ತದೆ. ಇದು ನಾನು ಓದಿ ತಿಳಿದದ್ದು. ಮಾವ ಒಂದು ಚಿಟಿಕೆ ಮಣ್ಣು ನಾಲಿಗೆ ಮೇಲಿಟ್ಟು ನೋಡಿ ‘ಇದು ಆಗತೈತಿ, ಅದು ಬ್ಯಾಡ’ ಎಂದು ವಿಂಗಡಿಸುತ್ತಾನೆ. ಬೆಳಿಗ್ಗೆ ಟ್ರ್ಯಾಕ್ಟರಿನ ಒಂದು ಟ್ರಿಪ್ಪು ಮಣ್ಣನ್ನು ಅವನು ವಾಪಸು ಕಳಿಸಿದ. ಮೊದಲು ಹೋದ ವರ್ಷದ ಹುಲ್ಲಿನ ಬೇರು ಕಿತ್ತು, ಇಲಿ ತೋಡಿದ ತೂತು ತುಂಬಿ, ಆಮೇಲೆ ಸವಳು ಹರವಿ, ಹಲಗೆಯಿಂದ ಬಡಿದು, ದೋಣಿಯ ಕಡೆಗೆ ಇಳಿಜಾರು ಕೊಟ್ಟೆವು. ಸಂಜೆಗೆ ಮುಗಿಯಿತು.

ಈಗ ಐದು ಜನ ಮೇಲಿದ್ದೇವೆ. ಮಾವ, ಮಾವನ ಮಗ, ಟ್ರ್ಯಾಕ್ಟರ್ ಹುಡುಗ, ಅವನ ಜೊತೆ ಮಣ್ಣು ತುಂಬಲು ಬಂದ ತೆಲುಗು ಹುಡುಗ, ನಾನು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಮುಗಿದಿವೆ. ಅಜ್ಜಿ ಕೆಳಗೆ, ನಡುಮನೆಯಲ್ಲಿ, ಬೆಳಕಿಂಡಿಯ ನೇರಕ್ಕೆ ಹಾಸಿಕೊಂಡಿದ್ದಾಳೆ. ಎಂಬತ್ತು ದಾಟಿದ ಮೇಲೆ ಏಣಿ ಹತ್ತುವುದಿಲ್ಲ. ಆದರೆ ಮಾಳಿಗೆಯ ನಡುವಿನ ಆ ಬೆಳಕಿಂಡಿಯಿಂದ ಅವಳ ಮಾತು ಮೇಲೆ ಬರುತ್ತದೆ, ನಮ್ಮ ಮಾತು ಕೆಳಗೆ ಹೋಗುತ್ತದೆ. ಅವಳಿಗೆ ಕೇಳಬಾರದ್ದು ಈ ಮನೆಯಲ್ಲಿ ಯಾವುದೂ ಇಲ್ಲ.

ಕುಂಬಿಯ ಮೇಲೆ ಚೊಂಬಿನ ಗಾತ್ರದ ಸ್ಪೀಕರ್ ಇಟ್ಟೆ. ಫೋನಿನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್. ಬಂದದ್ದು 2008ರಲ್ಲಿ, ವಿಶಾಲ್–ಶೇಖರ್ ಜೋಡಿಯ ಲೇಬಲ್ಲಿನಿಂದ. ಆ ವರ್ಷವೇ ಬೆಂಗಳೂರಿನಲ್ಲಿ ಸಿಡಿ ಕೊಂಡಿದ್ದೆ. ಸಿಡಿ ಗೀಚು ಬಿದ್ದು ಹಾಳಾಗಿ ಎಷ್ಟೋ ಕಾಲವಾಯಿತು, ಹಾಡು ಮಾತ್ರ ನನ್ನನ್ನು ಬಿಟ್ಟಿಲ್ಲ. ಇಷ್ಟು ವರ್ಷ ಇಯರ್‌ಫೋನಿನಲ್ಲಿ ಒಬ್ಬನೇ ಕೇಳಿದ್ದನ್ನು ಈ ಮಾಳಿಗೆಯ ಮೇಲೆ ಇವರ ಜೊತೆ ಕೇಳಬೇಕೆಂಬ ಆಸೆ ಹಳೆಯದು.

ಮೊದಲು ‘ಮೈಸೂರ್ ಸೇ ಆಯೀ’. ಟ್ರ್ಯಾಕ್ಟರ್ ಹುಡುಗ ಕೂಡಲೇ ಎದ್ದು ಕೂತ. ಅವನ ಮನೆಮಾತು ದಖನಿ, ಹಿಂದಿ ಹಾಡು ಅವನಿಗೆ ಪರಕೀಯವಲ್ಲ. ‘ಭಾಯಿ, ಇದು ಸಿನಿಮಾದ್ದಾ?’ ಎಂದು ಕೇಳಿದ. ಅಲ್ಲ ಅಂದೆ. ‘ಸಿನಿಮಾ ಇಲ್ಲದೇನೂ ಹಾಡು ಮಾಡ್ತಾರಾ?’ ಎಂದು ಮಾವನ ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಕಡೆ ಭಜನೆ ಬಿಟ್ಟರೆ ಉಳಿದ ಹಾಡೆಲ್ಲ ಸಿನಿಮಾದ್ದು. ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಆಮೇಲೆ ಗಿಟಾರ್ ಹಿಡಿದವನು ಈ ರಘು ದೀಕ್ಷಿತ್, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುತ್ತಾನೆ ಅಂದೆ. ಮಾವ ಇದುವರೆಗೆ ಮಾತಾಡಿರಲಿಲ್ಲ. ಗೆಜ್ಜೆ ಅಂದ ಕೂಡಲೇ ನನ್ನ ಕಡೆ ತಿರುಗಿದ.

‘ಗೆಜ್ಜಿ ಕಟ್ಟಿ ಹಾಡೋದು ಸಣ್ಣ ಮಾತಲ್ಲಪ’ ಎಂದ.

ಮಾವ ಊರಿನ ಮಠದಲ್ಲಿ ಭಜನೆಯ ಮುಂದಾಳು. ಏಕತಾರಿ ಹಿಡಿದು ಅವನು ಪದ ಎತ್ತಿದರೆ ಹಿಂದೆ ಏಳೆಂಟು ಜನ ತಾಳ, ದಮ್ಮಡಿ ಹಿಡಿದು ತಿರುಗಿ ಹೇಳುತ್ತಾರೆ. ಅಮಾವಾಸ್ಯೆಯ ರಾತ್ರಿ ಕೂತರೆ ಕೋಳಿ ಕೂಗುವವರೆಗೆ ಏಳುವುದಿಲ್ಲ. ಈ ಸೀಮೆಗೆ ಪದ ಹೊಸದಲ್ಲ. ಆಲೂರಿನ ಆಚೆ ಚಿಪ್ಪಗಿರಿಯಲ್ಲಿ ವಿಜಯದಾಸರು 1755ರಲ್ಲಿ ದೇಹ ಬಿಟ್ಟರು, ಅವರ ಕಟ್ಟೆ ಈಗಲೂ ಅಲ್ಲಿದೆ. ಇತ್ತ ತುಂಗಭದ್ರೆಯ ದಂಡೆಯ ಮಂಚಾಲೆಯನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್. ಆದವಾನಿಯ ದೊಡ್ಡ ಜಾಮಿಯಾ ಮಸೀದಿ ಕಟ್ಟಿಸಿದವನೂ ಅವನೇ. ಇಂಥ ಸೀಮೆಗೆ ಶಿಶುನಾಳ ಶರೀಫರು ಯಾರೆಂದು ಪರಿಚಯ ಮಾಡಿಕೊಡಬೇಕಿಲ್ಲ. ಮುಸ್ಲಿಮರ ಮನೆಯಲ್ಲಿ 1819ರಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರು ಎಂದು ನಂಬಿ, ಮೊಹರಮ್ಮಿನ ರಿವಾಯತೂ ತತ್ವಪದವೂ ಎರಡನ್ನೂ ಕಟ್ಟಿದವರು ಅವರು. ಮಾವನ ಬಾಯಲ್ಲಿ ಅವರ ಪದ ನಲವತ್ತಕ್ಕೆ ಕಡಿಮೆ ಇರಲಿಕ್ಕಿಲ್ಲ. ಕಾಗದದ ಮೇಲೆ ಒಂದನ್ನೂ ಬರೆದಿಟ್ಟುಕೊಂಡವನಲ್ಲ.

‘ಗುಡುಗುಡಿಯ ಸೇದಿ ನೋಡೋ’ ಹಾಕಿದೆ.

ಬೇಸ್ ಗಿಟಾರಿನ ಕುಣಿತ ಆ ಸಣ್ಣ ಸ್ಪೀಕರಿಗೆ ತುಸು ಭಾರವೇ. ಕುಂಬಿಯ ಕಲ್ಲು ಸಣ್ಣಗೆ ಗುಯ್‌ಗುಟ್ಟಿತು. ಗಂಟಲು ಪೂರ್ತಿ ಬಿಟ್ಟು ಹಾಡುವ ಆ ದನಿ ಬಂದದ್ದೇ ತಡ, ಬೆಳಕಿಂಡಿಯಿಂದ ಅಜ್ಜಿ ಕೇಳಿದಳು: ‘ಯಾರಲೇ ಅದು, ಶರೀಪಜ್ಜನ ಪದ ಅನ್ನಾಕತ್ತಾನ?’

ಮೊದಲ ಸಾಲು ಮುಗಿಯುವ ಮುಂಚೆಯೇ ಗುರುತು ಹಿಡಿದಿದ್ದಳು. ಡ್ರಮ್ಮು, ಗಿಟಾರು ಯಾವುದೂ ಅವಳಿಗೆ ಅಡ್ಡ ಬರಲಿಲ್ಲ. ಟ್ರ್ಯಾಕ್ಟರ್ ಹುಡುಗ ಆ ಹೊತ್ತಿಗೆ ಖಾಲಿ ಬುಟ್ಟಿಯನ್ನು ಬೋರಲು ಹಾಕಿಕೊಂಡು ಎರಡೂ ಕೈಯಿಂದ ಬಡಿಯತೊಡಗಿದ್ದ. ಅವನು ಬಡಿದದ್ದು ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವಾಗಿನ ಹಲಗಿಯ ಪೆಟ್ಟು. ಅದು ಹಾಡಿನ ಲಯದ ಮೇಲೆ ಎಲ್ಲಿಯೂ ಜಾರದೆ ಕೂತಿತು. ಗುಡುಗುಡಿಯ ಹೊಗೆಯನ್ನು ನೆಪ ಮಾಡಿಕೊಂಡು ಉಸಿರಿನ ಮಾತಾಡಿದ ಪದ ಅದು. ಮೈಸೂರಿನ ಹುಡುಗ ಅದಕ್ಕೆ ರಾಕ್ ಸಂಗೀತದ ಓಟ ಕೊಟ್ಟ, ಆದವಾನಿ ಸೀಮೆಯ ಹುಡುಗ ಅದರ ಕೆಳಗೆ ಮೊಹರಮ್ಮಿನ ಪೆಟ್ಟು ಇಟ್ಟ. ಶರೀಫರು ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿತು.

‘ಅನ್ನಾ, ಮಳ್ಳಿ ಹಾಕು’ ಎಂದ ತೆಲುಗು ಹುಡುಗ. ಮತ್ತೊಮ್ಮೆ ಹಾಕಿದೆ.

ಹಾಸ್ಟೆಲ್ಲಿನ ದಿನಗಳಲ್ಲಿ ನಾನು ಕೇಳಿದ್ದು ಬೇರೆ. ಅಮೆರಿಕದ ನಿರ್ವಾಣ ತಂಡದ ‘ನೆವರ್‌ಮೈಂಡ್’, 1991ರ ಆಲ್ಬಮ್, ಕೈಯಿಂದ ಕೈಗೆ ಪ್ರತಿಯಾಗುತ್ತ ಬಂದ ಕ್ಯಾಸೆಟ್ಟಿನಲ್ಲಿ ನಮಗೆ ಸಿಕ್ಕಿತ್ತು. ಮೆಲ್ಲಗೆ, ತನ್ನಷ್ಟಕ್ಕೆ ಗೊಣಗುವ ಹಾಗೆ ಶುರುವಾಗಿ ಒಮ್ಮೆಲೇ ಗುಡುಗುವ ಆ ಹಾಡುಗಾರಿಕೆ ನನ್ನನ್ನು ಹಿಡಿದು ಅಲ್ಲಾಡಿಸಿತ್ತು. ಎದೆಯೊಳಗಿನ ಗದ್ದಲಕ್ಕೆ ಇಷ್ಟು ದೊಡ್ಡ ಸದ್ದು ಕೊಡಬಹುದು ಎಂದು ಗೊತ್ತಾದದ್ದು ಆಗ. ಇವತ್ತಿಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಆ ಗದ್ದಲದಲ್ಲಿ ನನ್ನ ಮನೆಯ ಸಾಮಾನು ಒಂದೂ ಇರಲಿಲ್ಲ. 2008ರಲ್ಲಿ ಬಾಡಿಗೆ ಕೋಣೆಯಲ್ಲಿ, ಸಿಮೆಂಟಿನ ಸೂರಿನ ಕೆಳಗೆ, ಅಂಥದೇ ಮೆಲುದನಿಯಲ್ಲಿ ಶುರುವಾದ ಇನ್ನೊಂದು ಹಾಡು ಕೇಳಿದೆ. ಅದರಲ್ಲಿ ಮಾಳಿಗೆ ಇತ್ತು, ಜಂತಿ ಇತ್ತು, ಸೋರುವ ನೀರಿತ್ತು. ನಾನು ಹುಟ್ಟಿದಾಗಿನಿಂದ ತಲೆಯ ಮೇಲೆ ನೋಡಿದ್ದೆಲ್ಲ ಅದರಲ್ಲಿತ್ತು. ಆ ರಾತ್ರಿ ಊರಿಗೆ ಫೋನ್ ಮಾಡಿ ‘ಸವಳು ಹಾಕಿದಿರಾ?’ ಎಂದು ಕೇಳಿದ್ದು ನೆನಪಿದೆ.

ಈಗ ಅದೇ ಹಾಡು, ‘ಸೋರುತಿಹುದು ಮನಿಯ ಮಾಳಿಗಿ’.

ಯಾರಿಗೂ ಏನೂ ಹೇಳಲಿಲ್ಲ, ಸುಮ್ಮನೆ ಒತ್ತಿದೆ. ತಂತಿಗಳು ಬಿಡಿಬಿಡಿಯಾಗಿ ಬಂದವು. ದನಿ ತಗ್ಗಿನಲ್ಲಿತ್ತು. ಬುಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ದೂರದಲ್ಲಿ ಕಾಲುವೆ ಪಂಪಿನ ಸದ್ದು, ಅದರಾಚೆ ಆದವಾನಿ ಕಡೆಯ ಬೆಳಕು. ಹಾಡು ಅವಸರ ಮಾಡುವುದಿಲ್ಲ. ಒಂದು ಮಾತು ಹೇಳಿ, ಅದು ಕೆಳಗಿಳಿಯುವವರೆಗೆ ಕಾಯುತ್ತದೆ. ಮತ್ತೆ ಅದೇ ಪಲ್ಲವಿಗೆ ಬರುತ್ತದೆ, ಬಂದಾಗಲೆಲ್ಲ ತುಸು ಹೆಚ್ಚು ತೂಕ ಹೊತ್ತು ಬರುತ್ತದೆ.

ಮಾವ ಕೈ ಎತ್ತಿದ. ನಿಲ್ಲಿಸಿದೆ.

‘ಇವ ಮೈಸೂರಾವ ಅಂದೆಲ್ಲ?’

‘ಹೌದು ಮಾವ.’

‘ಮಾಳಿಗಿ ಅಂತಾನ. ಮಾಳಿಗೆ ಅಂದಿಲ್ಲ.’

ಇಷ್ಟು ವರ್ಷ ಕೇಳಿದರೂ ನಾನು ಅದನ್ನು ಗಮನಿಸಿರಲಿಲ್ಲ. ಮೈಸೂರಿನಲ್ಲಿ ಬೆಳೆದವನ ನಾಲಿಗೆಗೆ ‘ಮನೆ’, ‘ಮಾಳಿಗೆ’ ಸಲೀಸು. ಶರೀಫರ ಸೀಮೆಯ ಬಾಯಲ್ಲಿ ಅದು ‘ಮನಿ’, ‘ಮಾಳಿಗಿ’, ನಮ್ಮ ಬಾಯಲ್ಲೂ ಹಾಗೆಯೇ. ಆಲ್ಬಮ್ಮಿನ ಹೊದಿಕೆಯ ಮೇಲೂ ಅದು ‘ಮನಿಯ ಮಾಳಿಗಿ’ಯೇ. ಕೊನೆಯ ಆ ಒಂದು ಇಕಾರವನ್ನು ತಿದ್ದದೆ, ಹೇಗಿತ್ತೋ ಹಾಗೆ ಎತ್ತಿಕೊಂಡಿದ್ದಾನೆ. ಪದವನ್ನು ಗೌರವಿಸುವುದೆಂದರೆ ಇದೇ ಎಂದು ನನ್ನ ಎಣಿಕೆ. ಪದ ಯಾರ ಬಾಯಿಂದ ಬಂತೋ ಅವರ ಬಾಯಿ ಅದರಲ್ಲಿ ಉಳಿದಿರಬೇಕು. ಮಾವ ಒಂದೇ ಸಲ ಕೇಳಿ ಅದನ್ನು ಹಿಡಿದ.

‘ಹಚ್ಚು’ ಎಂದ. ಮುಂದುವರಿಸಿದೆ.

ವಾದ್ಯಗಳು ಒಂದೊಂದಾಗಿ ಸೇರಿ ಏರತೊಡಗಿದಾಗ ಮಾವ ಕಣ್ಣು ಮುಚ್ಚಿದ. ಮೆಚ್ಚಿದನೋ ಸಹಿಸಿದನೋ ಕತ್ತಲಲ್ಲಿ ತಿಳಿಯಲಿಲ್ಲ. ಹಾಡು ಮುಗಿದು ಬಹಳ ಹೊತ್ತಿನ ಮೇಲೆ ಮಾತಾಡಿದ. ‘ನಮ್ಮ ಗುರುಗಳು ಕಲಿಸಿದ ಮಟ್ಟು ಇದಲ್ಲ. ಅಶ್ವತ್ಥ ಹಾಡಿದ್ದೂ ಇದಲ್ಲ. ಇರಲಿ, ಒಂದೊಂದು ಊರಿಗೆ ಒಂದೊಂದು ಮಟ್ಟು. ಆದ್ರ ಹಿಮ್ಮ್ಯಾಳ ನೋಡು, ತಂತಿಗೆ ಬಿಟ್ಟಾನ. ನಾವು ಎಂಟ ಮಂದಿ ತಿರುಗಿ ಅಂದ್ರ ಎಷ್ಟು ಭಾರ ಬೀಳತೈತೋ, ಅಷ್ಟ ಭಾರ ಆ ತಂತಿಲೆ ತಂದಾನ. ಕಡೀಕ ಸದ್ದು ಹೆಚ್ಚಾತು. ಮಾತು ಒಳಗ ಮುಳುಗಿತು. ಪದದಾಗ ಮಾತು ಮುಳುಗಬಾರದು.’

ಅವನ ಮಾತಿಗೆ ನನ್ನಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಆ ಕೊನೆಯ ಭೋರ್ಗರೆತವೇ ನನಗೆ ಮಳೆ. ಅದು ಬರದಿದ್ದರೆ ಸೋರುವುದೆಂದರೇನು ಎಂದು ಸಿಮೆಂಟಿನ ಮನೆಯಲ್ಲಿ ಬೆಳೆದವರಿಗೆ ತಿಳಿಯುವುದು ಹೇಗೆ? ಆದರೆ ಹಿಮ್ಮೇಳದ ಮಾತು ಹೊಳೆದಿದ್ದು ಅವನಿಗೆ. ನಿರ್ವಾಣದಿಂದ ಹಿಡಿದು ಈ ಆಲ್ಬಮ್ಮಿನವರೆಗೆ ನಾನು ಕೇಳಿ ಮೈಮರೆತದ್ದು, ಒಬ್ಬ ಒಂದು ಮಾತು ಎತ್ತುವುದು, ಹಿಂದಿನವರು ಅದನ್ನು ನೂರು ಪಟ್ಟು ಮಾಡಿ ತಿರುಗಿಸುವುದು, ಅದು ನಮ್ಮ ಮಠದ ಹಜಾರದಲ್ಲಿ ಪ್ರತಿ ಅಮಾವಾಸ್ಯೆ ನಡೆಯುತ್ತಿತ್ತು. ನಾನು ಅದರ ನಡುವೆಯೇ ನಿದ್ದೆ ಹೋಗಿ ಬೆಳೆದವನು.

‘ಇಲ್ಲಿ ಮಾಳಿಗಿ ಅಂದ್ರ ಮಾಳಿಗಿ ಅಲ್ಲ’ ಎಂದು ಮಾವ ಹುಡುಗರ ಕಡೆ ತಿರುಗಿದ. ‘ಈ ಮೈ. ಜಂತಿ ಅಂದ್ರ ಎಲುಬು. ಅರಿವು ಇಲ್ಲದಾವ ರಿಪೇರಿ ಮಾಡಲಾರ.’

‘ಅಲ್ಲ ದೊಡ್ಡಪ್ಪಾ’ ಎಂದ ಟ್ರ್ಯಾಕ್ಟರ್ ಹುಡುಗ, ತನ್ನ ಅಂಗೈ ತೋರಿಸುತ್ತ. ಎರಡು ಕಡೆ ಬೊಬ್ಬೆ ಎದ್ದಿತ್ತು. ‘ಮೂರು ಟ್ರಿಪ್ಪು ಹೊತ್ತೀನಿ. ಇದು ಮಾಳಿಗೀನೇ.’

ಬೆಳಕಿಂಡಿಯಿಂದ ಅಜ್ಜಿ ಜೋರಾಗಿ ನಕ್ಕಳು. ‘ಆ ಹುಡುಗ ಅಂದದ್ದು ಖರೆ ನೋಡು. ಮೊದಲ ಮಾಳಿಗಿ ಸೋರತೈತಿ. ಮೈ ಆಮ್ಯಾಗ.’

ಈ ಸೀಮೆ ಆಂಧ್ರಕ್ಕೆ ಸೇರಿದ್ದನ್ನು ಅಜ್ಜಿ ಕಂಡವಳು. ಅವಳಿಗೆ ಹತ್ತು ವರ್ಷವಿದ್ದಾಗ ಆಂಧ್ರ ರಾಜ್ಯವಾಯಿತು, 1953ರ ಅಕ್ಟೋಬರ್ 1ರಂದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಅಜ್ಜಿಯ ಅಣ್ಣ ಬಳ್ಳಾರಿಯ ಕಡೆ ಉಳಿದ, ಅವಳು ಮದುವೆಯಾಗಿ ಈ ಕಡೆಯೇ ಉಳಿದಳು. ಆ ವರ್ಷದ ಬಗ್ಗೆ ಕೇಳಿದರೆ ಅವಳು ರಾಜ್ಯದ ಮಾತು ಎತ್ತುವುದಿಲ್ಲ. ‘ಕಾಗದ ಪತ್ರ ಎಲ್ಲಾ ಕರ್ನೂಲಿಗೆ ಹೋದುವು, ಸಂತಿಗೆ ಮಾತ್ರ ನಾವು ಸಿರುಗುಪ್ಪಕ್ಕ ಹೋಕ್ಕಿದ್ವಿ’ ಅನ್ನುತ್ತಾಳೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಈ ಭಾಗದಲ್ಲಿ ಇವತ್ತಿಗೂ ನಡೆಯುತ್ತಿವೆ. ನಾನು ಅಂಥ ಒಂದರಲ್ಲಿ ಐದನೆಯತ್ತೆವರೆಗೆ ಕಲಿತೆ. ಪುಸ್ತಕಗಳು ತಡವಾಗಿ ಬರುತ್ತಿದ್ದವು, ಕೆಲವು ವರ್ಷ ಅರ್ಧ ವರ್ಷ ಮುಗಿದ ಮೇಲೆ. ಕನ್ನಡ ನಮಗೆ ಪುಸ್ತಕಕ್ಕಿಂತ ಹೆಚ್ಚು ಕಿವಿಯಿಂದಲೇ ಬಂತು, ಮಠದ ಭಜನೆಯಿಂದ, ರಾತ್ರಿ ಹೊತ್ತು ಕರಕರ ಅನ್ನುತ್ತ ಹಿಡಿಯುತ್ತಿದ್ದ ಧಾರವಾಡ ಆಕಾಶವಾಣಿಯಿಂದ, ಅಶ್ವತ್ಥರ ಕ್ಯಾಸೆಟ್ಟಿನಿಂದ, 1990ರಲ್ಲಿ ಬಂದ ನಾಗಾಭರಣರ ಶರೀಫರ ಸಿನಿಮಾದಿಂದ. ಆಮೇಲೆ ಈ ಆಲ್ಬಮ್ಮಿನಿಂದಲೂ.

ಈ ಹಾಡುಗಾರ ಮುಂದೆ ಎಲ್ಲೆಲ್ಲಿಗೆ ಹೋದ ಎಂದು ಹುಡುಗರಿಗೆ ಹೇಳಿದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನ ಐಟ್ಯೂನ್ಸ್ ಜಾಗತಿಕ ಸಂಗೀತದ ಪಟ್ಟಿಯಲ್ಲಿ ಈ ಆಲ್ಬಮ್ ಮೊದಲ ಸ್ಥಾನಕ್ಕೆ ಏರಿತು. ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವ, ಸಾಂಗ್‌ಲೈನ್ಸ್ ಪತ್ರಿಕೆಯ ಪ್ರಶಸ್ತಿ. ಮಾವನ ಮಗ ಕಣ್ಣರಳಿಸಿ ಕೇಳಿದ. ಮಾವ ಒಂದೇ ಕೇಳಿದ: ‘ಶಿಶುನಾಳಕ್ಕ ಹೋಗಿ ಹಾಡ್ಯಾನೇನು?’ ನನ್ನಲ್ಲಿ ಉತ್ತರ ಇರಲಿಲ್ಲ.

ಉಳಿದ ಹಾಡುಗಳು ಒಂದಾದ ಮೇಲೊಂದು ಹರಿದವು. ‘ಖಿಡ್ಕಿ’ ಬಂದಾಗ ಟ್ರ್ಯಾಕ್ಟರ್ ಹುಡುಗ ಅಂಗಾತ ಮಲಗಿ ಚುಕ್ಕಿ ನೋಡುತ್ತಿದ್ದ, ‘ಹೇ ಭಗವಾನ್’ ಬರುವ ಹೊತ್ತಿಗೆ ತೆಲುಗು ಹುಡುಗ ಪಲ್ಲವಿಯ ಜೊತೆ ದನಿ ಸೇರಿಸುವಷ್ಟು ಕಲಿತಿದ್ದ. ಇಂಗ್ಲಿಷಿನದು ಬಂದಾಗ ಯಾರೂ ಏನೂ ಅನ್ನಲಿಲ್ಲ, ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ನಿದ್ದೆ ಹೋದರು. ಮಾವ ಮಾತ್ರ ಕೂತೇ ಇದ್ದ. ತೊಡೆಯ ಮೇಲೆ ಬೆರಳಿನಿಂದ ಏನನ್ನೋ ಎಣಿಸುತ್ತಿದ್ದ. ನಿಧಾನದ್ದು, ಆಲ್ಬಮ್ಮಿನ ಲಯವಂತೂ ಅಲ್ಲ.

ನನಗೆ ಎಚ್ಚರವಾದದ್ದು ಮುಖದ ಮೇಲೆ ಬಿದ್ದ ಹನಿಗೆ. ಚುಕ್ಕಿಗಳು ಮಾಯವಾಗಿದ್ದವು. ಗಾಳಿ ತಿರುಗಿ ಮಣ್ಣಿನ ವಾಸನೆ ಎದ್ದಿತ್ತು. ಇನ್ನೊಂದು ಹನಿ, ಮತ್ತೆ ನಾಲ್ಕು. ಆ ಮೇಲೆ ಎಣಿಸಲು ಬರದಷ್ಟು. ‘ಏಳ್ರಿ, ಏಳ್ರಲೇ’ ಎಂದು ಮಾವ ಕೂಗಿದ. ಚಾಪೆ, ಹೊದಿಕೆ, ಸ್ಪೀಕರ್, ನೀರಿನ ಕೊಡ ಕೈಗೆ ಸಿಕ್ಕಂತೆ ಎತ್ತಿಕೊಂಡು ಏಣಿ ಇಳಿದೆವು. ಕೊನೆಗೆ ಮಾವ ಬೆಳಕಿಂಡಿಯ ಮೇಲೆ ತಗಡು ಎಳೆದು ಕಲ್ಲು ಹೇರಿ ಇಳಿದ. ಕರೆಂಟು ಹೋಯಿತು.

ನಡುಮನೆಯಲ್ಲಿ ಕತ್ತಲು. ಮೇಲೆ ಮಳೆ ಮಾಳಿಗೆಯನ್ನು ಬಡಿಯುವ ಸದ್ದು, ಸಿಮೆಂಟಿನ ಮೇಲಿನ ಹಾಗಲ್ಲ, ದಪ್ಪ ಕಂಬಳಿಯ ಮೇಲೆ ಕೈ ಬಡಿದ ಹಾಗೆ. ಅಜ್ಜಿ ಎದ್ದು ಕೂತಿದ್ದಳು. ಫೋನಿನ ಬೆಳಕು ಹಚ್ಚಿ ಮೇಲೆ ಹಿಡಿದೆ. ದೂಲ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹೊಗೆ ಹಿಡಿದು ಕಪ್ಪಾದ ಕಡ್ಡಿ. ಹೋದ ವರ್ಷ ಮೂರನೆಯ ಜಂತಿಯ ಪಕ್ಕ ಸೋರಿತ್ತು, ಅಲ್ಲಿ ನಕ್ಷೆಯ ಹಾಗೆ ಕಲೆ ಉಳಿದಿದೆ.

‘ಬೆಳಕು ಆರಿಸು’ ಎಂದಳು ಅಜ್ಜಿ. ‘ಕಣ್ಣಿಗೆ ಕಾಣೂದಿಲ್ಲ ಅದು. ಕೇಳು.’

ಆರಿಸಿದೆ. ಕತ್ತಲಲ್ಲೇ ಅವಳು ಒಲೆಯ ಕಡೆ ಕೈಚಾಚಿ ಹಿತ್ತಾಳೆಯ ಬೋಗುಣಿ ಎತ್ತಿಕೊಂಡಳು. ಯಾರನ್ನೂ ಕೇಳದೆ ಎರಡು ಹೆಜ್ಜೆ ನಡೆದು, ಆ ಕಲೆಯ ನೇರ ಕೆಳಗೆ ಇಟ್ಟಳು. ಹಿತ್ತಾಳೆ ನೆಲಕ್ಕೆ ತಾಗಿ ಒಮ್ಮೆ ಟಣ್ ಅಂದಿತು. ಹೊರಗೆ ದೋಣಿಯಿಂದ ನೀರು ಬೀದಿಯ ಕಲ್ಲಿಗೆ ಬೀಳತೊಡಗಿತ್ತು. ಐದು ಜನ ಗೋಡೆಗೆ ಒರಗಿ, ಮಾತಿಲ್ಲದೆ, ಬೋಗುಣಿಯ ಕಡೆ ಕಿವಿ ಇಟ್ಟು ಕೂತೆವು. ಅಜ್ಜಿ ನಡುವೆ ಕೂತಿದ್ದಳು. ಮಾವನ ಬೆರಳು ನೆಲದ ಮೇಲೆ ಮೆಲ್ಲಗೆ ಮಟ್ಟು ಎಣಿಸುತ್ತಿತ್ತು.